ಹಸಿರು ಅಕ್ಷರಗಳು

ಮೋಟಾರ್‌ಸೈಕಲ್ ಇನ್ನೂ ಹಿಂದೆಯೇ ಬರುತ್ತಿತ್ತು. ಬಸ್ಸಿನ ಹಿಂಬದಿಯ ಗಾಜಿನಲ್ಲಿ ಅದನ್ನು ಕಂಡ ಹಾಲವ್ವ ಗಂಡನ ತೋಳನ್ನು ಬಿಗಿಯಾಗಿ ಹಿಡಿದಳು.

"ಅವನ ಬರಾಕತ್ತಾನ. ದವಾಖಾನ್ಯಾಗಿನ ಹುಡುಗ."

ಶಂಕರೆಪ್ಪ ಕಣ್ಣು ತೆರೆಯಲಿಲ್ಲ. "ಬರಲಿ ಬಿಡು," ಎಂದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಎದೆನೋವೆಂದು ಮುಂಜಾನೆ ಅವನನ್ನು ಸಾವಳಗಿಯಿಂದ ಜಮಖಂಡಿಗೆ ಕರೆತಂದವಳು ಅವಳೇ. ಖಾಸಗಿ ದವಾಖಾನೆ. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಹೊರಗಿನ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ತಾಲ್ಲೂಕಿನಲ್ಲಿ ಅದನ್ನು ಕಣ್ಣಾರೆ ನೋಡಿದವರೇ ಕಡಿಮೆ ಇದ್ದ ಕಾಲ. ಅದನ್ನು ತಂದಿದ್ದ ಧರೆಪ್ಪ ಎಂಬ ಹುಡುಗ ಶಂಕರೆಪ್ಪನ ಹೆಸರು, ವಯಸ್ಸು, ನೋವು ಎಲ್ಲ ಕೇಳಿ ಟೈಪ್ ಮಾಡಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

"ಹೃದಯಕ್ಕ ಏನೂ ಆಗಿಲ್ಲಂತ್ರಿ," ಎಂದು ಓದಿ ಹೇಳಿ, ಡಾಕ್ಟರನ್ನು ನೋಡಲು ಒಳಗೆ ಹೋದ.

ಅವನು ಹೊರಬರುವಷ್ಟರಲ್ಲಿ ಹಾಲವ್ವ ಗಂಡನನ್ನು ಎಬ್ಬಿಸಿ ಊರಿನ ಬಸ್ಸು ಹತ್ತಿಸಿದ್ದಳು. ಅವಳ ಅಕ್ಕ ಗುರುಬಾಯಿ ಇಂಥದೇ ಒಂದು ದವಾಖಾನೆಯ ಒಳಕೋಣೆಗೆ ನಡೆದುಕೊಂಡು ಹೋಗಿ, ಬಿಳಿ ಬಟ್ಟೆ ಹೊದ್ದು ಹೊರಬಂದಿದ್ದಳು. ಏನೂ ಆಗದ ಮನುಷ್ಯನನ್ನು ಇವರ ಕೈಗೆ ಯಾಕೆ ಕೊಡಬೇಕು?

ಮೋಟಾರ್‌ಸೈಕಲ್ ಬಸ್ಸನ್ನು ದಾಟಿ ರಸ್ತೆಗೆ ಅಡ್ಡ ನಿಂತಿತು. ಧರೆಪ್ಪ ಹತ್ತಿ ಬಂದ. ಮುಖ ಬಿಳಿಚಿತ್ತು.

"ಯವ್ವಾ, ಹಿಂದಕ್ಕ ನಡೀರಿ. ಡಾಕ್ಟರು ಕರೀತಾರ."

"ಒಲ್ಲೆ. ಏನೂ ಆಗಿಲ್ಲಂತ ನೀನ ಓದಿ ಹೇಳ್ದಿ. ನಿಮಗ ಕೊಯ್ಯಾಕ ಮನಷ್ಯಾ ಬೇಕೇನು?"

ಅವನು ಶಂಕರೆಪ್ಪನ ಕಂಕುಳಿಗೆ ಕೈಹಾಕಿದ. ಹಾಲವ್ವ ಅವನ ಅಂಗಿ ಹಿಡಿದು ಜಗ್ಗಿದಳು, ತೋಳು ಹರಿಯಿತು. ಅಷ್ಟರಲ್ಲಿ ಶಂಕರೆಪ್ಪ ಎದೆ ಒತ್ತಿಕೊಂಡು ಸೀಟಿನಿಂದ ಜಾರಿ ಬಿದ್ದ. ಡ್ರೈವರ್ ಯಾರನ್ನೂ ಕೇಳದೆ ಬಸ್ಸನ್ನು ಜಮಖಂಡಿಯತ್ತ ತಿರುಗಿಸಿದ.

ದವಾಖಾನೆಯ ಒಳಕೋಣೆಯ ಮುಚ್ಚಿದ ಬಾಗಿಲಿನ ಹೊರಗೆ ಹಾಲವ್ವ ನಿಂತಳು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು.

"ಉಳದ್ರು. ಇನ್ನಷ್ಟು ತಡ ಮಾಡಿದ್ರ ನನ್ನ ಕೈಯಾಗ ಇರ್ತಿದ್ದಿಲ್ಲ."

ಹಾಲವ್ವ ಕಣ್ಣೊರೆಸಿಕೊಂಡು ಧರೆಪ್ಪನ ಕಡೆ ತಿರುಗಿದಳು. "ಅಷ್ಟು ದೊಡ್ಡ ಮಷೀನು. ಇವರದೊಂದ ಹೆಂಗ ತಪ್ಪು ಹೇಳ್ತು?"

ಅವನು ಹರಿದ ತೋಳನ್ನು ಮಡಚಿಕೊಂಡ.

"ಅದು ಪ್ರೋಟೋಟೈಪ್ ಐತಿ ಯವ್ವಾ, ಬರೇ ತೋರ್ಸಾಕ ಮಾಡಿದ ನಮೂನಿ. ಒಳಗ ಲೆಕ್ಕಾ ಹಾಕೂದು ನಾ ಇನ್ನೂ ಬರದಿಲ್ಲ. ಯಾರ ಹೆಸರು ಹಾಕಿದ್ರೂ ಏನೂ ಆಗಿಲ್ಲಂತನ ಹೇಳತೈತಿ."