ಶುಕ್ರವಾರದ ಫೋನು

"ಕೈ ಕೆಳಗಿಡೇ ಹವಿಯೇರಾ, ಕೈ ಕೆಳಗೆ!" ಎಂದು ಮ್ಯಾಕ್ಲೆನನ್ ಮಿಸ್ ಕೂಗುವಷ್ಟರಲ್ಲಿ ಹುಡುಗಿ ಗಾಬರಿಯಾಗಿ ಫೋನು ಕಟ್ ಮಾಡಿಯೇಬಿಟ್ಟಳು.

ಚಿಲಿ ದೇಶದಿಂದ ನ್ಯೂಜಿಲೆಂಡಿನ ಈ ದಕ್ಷಿಣದ ತುತ್ತತುದಿಯ ಸರ್ಕಾರಿ ಹೈಸ್ಕೂಲಿಗೆ ಓದಲು ಬಂದವಳು ಹವಿಯೇರಾ. ಎದುರಿಗೆ ಜನ ಸಿಕ್ಕರೆ ಸಾಕು, ಇಂಗ್ಲಿಷಿನಲ್ಲಿ ದಿನವಿಡೀ ಹರಟುತ್ತಾಳೆ. ಆದರೆ ಅರ್ಧ ಮಾತು ಬಾಯಿಯದಾದರೆ ಇನ್ನರ್ಧ ಕೈ, ಹುಬ್ಬು, ಭುಜಗಳದ್ದು. ಫೋನಿನಲ್ಲಿ ಕೈ ಯಾರಿಗೆ ಕಾಣಬೇಕು? ಹೊರದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮಿಸ್ ಅದಕ್ಕೇ ಒಂದು ನಿಯಮ ಮಾಡಿದ್ದರು. ಶುಕ್ರವಾರದ ಊಟಕ್ಕೆ ಮಕ್ಕಳಲ್ಲೇ ಒಬ್ಬರು ಎದುರಿನ ಮೀನಿನಂಗಡಿಗೆ ಫೋನು ಮಾಡಿ ಹೇಳಬೇಕು. ಹವಿಯೇರಾಗಂತೂ ಊಟಕ್ಕಿಂತ ದೊಡ್ಡದೊಂದು ಕಾದಿತ್ತು. ಇದರಲ್ಲಿ ಗೆದ್ದರೆ ಊರಿನ ಮಕ್ಕಳ ಜೊತೆ ನಾಟಕದ ತರಗತಿಗೆ ಸೇರಬಹುದು. ನಾಟಕವೆಂದರೆ ಪ್ರಾಣ ಬಿಡುವ ಹುಡುಗಿ ಅವಳು. ಹೆಸರು ಕೊಡಲು ಇವತ್ತೇ ಕೊನೆ. ಹಿಂದಿನ ಎರಡು ಶುಕ್ರವಾರವೂ ಹೀಗೇ ಹೆದರಿ ಫೋನಿಟ್ಟಿದ್ದಳು, ಕೊನೆಗೆ ಮಿಸ್ಸೇ ಮಾಡಿದ್ದರು.

"ನನ್ ಕೈಲಾಗಲ್ಲ ಮಿಸ್. ನೀವೇ ಮಾಡ್ಬಿಡಿ."

"ಹಾಗಾದ್ರೆ ನಾಟಕ ಬೇಡ್ವಾ?"

"ಬೇಕು..." ಕಣ್ಣು ತುಂಬಿಬಂತು.

"ಅಳೋದಾದ್ರೆ ಊಟ ಆದ್ಮೇಲೆ ಅಳು ಮಾರಾಯ್ತಿ. ನನ್ನ ಹೊಟ್ಟೆ ತಾಳ ಹಾಕ್ತಿದೆ," ಎಂದ ಜಪಾನಿನ ತೈಸೇ. "ಕೈ ಮೇಲೇ ಕೂತ್ಕೋ. ಫೋನು ನಾನ್ ಹಿಡ್ಕೋತೀನಿ."

ಅವಳು ಎರಡೂ ಕೈಗಳ ಮೇಲೆ ಕೂತಳು. ತೈಸೇ ನಂಬರು ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿದ.

"ಹಲೋ! ನಾನು ಸ್ಕೂಲು! ದಯವಿಟ್ಟು ಫೋನ್ ಇಡಬೇಡಿ!"

"ನಾನೆಲ್ಲಿ ಇಟ್ಟೆ? ಇಟ್ಟಿದ್ದು ನೀನು," ಎಂದಿತು ಆ ಕಡೆಯ ದನಿ.

"ಮೀನು ಆರು. ದೊಡ್ಡದು."

"ಎಷ್ಟು ದೊಡ್ಡದು?"

ಪಾಪ, ಕೈ ಒದ್ದಾಡಿತು. ಕುರ್ಚಿ ಕಿರುಗುಟ್ಟಿತು. "ದೊಡ್ಡದು ಅಂದ್ರೆ... ತೈಸೇ ಬೂಟಿನಷ್ಟು!"

"ತೈಸೇ ಯಾರು?"

"ಉದ್ದ ಹುಡುಗ! ದಿನಾ ನಿಮ್ ಅಂಗಡಿ ಮುಂದೆ ಸೈಕಲ್ಲಿಂದ ಬೀಳ್ತಾನಲ್ಲ!"

"ಓ, ಅವನಾ! ಗೊತ್ತು ಗೊತ್ತು. ಮುಂದೆ?"

ಕೋಣೆಯಲ್ಲಿ ನಗು ತಡೆಯಲಾಗಲಿಲ್ಲ. ಹವಿಯೇರಾಗೆ ಅದೆಲ್ಲಿತ್ತೋ ಧೈರ್ಯ, ಕಪ್ಪೆಚಿಪ್ಪಿನ ವಡೆ ಮೂರು, ಅನಾನಸ್ ಬಜ್ಜಿ ಎರಡು, ಚಿಪ್ಸ್ ಬೇಕಾದಷ್ಟು, ಉಪ್ಪು ಕಮ್ಮಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಎಂದೂ ಅಂಗಡಿ ಬಿಟ್ಟು ಕದಲದ ಮೀನಿನಂಗಡಿಯ ವುಥಿ ಅವತ್ತು ಏಪ್ರನ್ನಿನಲ್ಲೇ ರಸ್ತೆ ದಾಟಿ, ಬಿಸಿ ಪೊಟ್ಟಣ ಹಿಡಿದು ಕೋಣೆಗೇ ಬಂದುಬಿಟ್ಟ. ಕಾಂಬೋಡಿಯಾದಿಂದ ಬಂದು ಈ ಊರಲ್ಲಿ ನೆಲೆಯಾದವನು.

"ಫೋನ್ ಮಾಡಿದ್ದು ಯಾರು?"

ಹವಿಯೇರಾ ಎದ್ದು ನಿಂತಳು. "ತಪ್ಪಾಯ್ತಾ?"

"ಬಿಚ್ಚಿ ನೋಡು."

ಬಿಚ್ಚಿದರು. ಆರು ಮೀನು, ಮೂರು ವಡೆ, ಎರಡು ಬಜ್ಜಿ, ಹೇಳಿದ್ದು ಹೇಳಿದಂತೆ. ತೈಸೇ ಮೀನಿನ ಪಕ್ಕ ಕಾಲು ಚಾಚಿ ಅಳೆದು, "ಅರೆ, ಸರಿಯಾಗಿದೆ!" ಎಂದು ಕಿರುಚಿದ. ಹವಿಯೇರಾ ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಂಡಳು, ವುಥಿಯ ಏಪ್ರನ್ನಿನ ಎಣ್ಣೆಯನ್ನೂ ಮೈಗೆ ಬಳಿದುಕೊಂಡಳು. ಅಂಥ ಖುಷಿ!

"ನಾಟಕದ ಮೇಷ್ಟ್ರಿಗೆ ಈಗ್ಲೇ ನಿನ್ನ ಹೆಸರು ಕೊಟ್ಟು ಬರ್ತೀನಿ," ಎಂದು ಹೊರಟ ಮಿಸ್ಸನ್ನು ವುಥಿ ತಡೆದ.

"ಒಂದ್ನಿಮಿಷ ಮೇಡಂ. ಇನ್ಮೇಲೆ ಈ ಹುಡುಗೀನೇ ಫೋನ್ ಮಾಡ್ಲಿ. ಇವಳ ಇಂಗ್ಲಿಷು ನಂಗೆ ಪೂರ್ತಿ ತಿಳಿಯತ್ತೆ." ಕತ್ತು ಕೆರೆದುಕೊಂಡ. "ಬೇಜಾರ್ ಮಾಡ್ಕೋಬೇಡಿ, ನಿಮ್ದು ಮಾತ್ರ ಒಂದಕ್ಷರ ತಿಳಿಯಲ್ಲ. ಬರೀ ರ್‌ರ್‌ರ್ ಅಂತ ಬಂಡಿ ಉರುಳಿದ ಹಾಗಿರತ್ತೆ. ಇಷ್ಟು ವರ್ಷ ಹೂಂ ಹೂಂ ಅಂದ್ಕೊಂಡು ಮೀನು ಚಿಪ್ಸೇ ಕಟ್ಟಿ ಕೊಟ್ಟಿದೀನಿ."

ಮುತ್ತಜ್ಜನ ಕಾಲದಿಂದ ಇದೇ ಊರಿನವರಾಗಿ, ಇಲ್ಲಿಯವರಂತೆ ರಕಾರ ಉರುಳಿಸಿಯೇ ಇಂಗ್ಲಿಷ್ ಮಾತಾಡುವ ಮ್ಯಾಕ್ಲೆನನ್ ಮಿಸ್ ಕೆಂಪೇರಿದರು. ಆಮೇಲೆ ಕನ್ನಡಕ ಜಾರುವಷ್ಟು ನಕ್ಕರು. ನಕ್ಕು ನಕ್ಕು ಸುಸ್ತಾಗಿ, ಮಕ್ಕಳ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿ ಎಳೆದು ಕೂತರು.

"ಹವಿಯೇರಾ ಮಿಸ್, ಮುಂದಿನ ಶುಕ್ರವಾರ ನನ್ನ ಪಾಳಿ. ಸ್ವಲ್ಪ ಹೇಳಿಕೊಡ್ತೀರಾ?"