ಬಳೆ ಸದ್ದಿಗೆ ಓಡಿದ ಚಿರತೆ

ಆಫ್ರಿಕದ ಮೂಲೆಯೊಂದರ ಆರಿದ ಜ್ವಾಲಾಮುಖಿಯನ್ನು ಚನ್ನಬಸಪ್ಪ ಏದುಸಿರು ಬಿಡುತ್ತ ಹತ್ತಿದ್ದು ಚಿರತೆಗಾಗಿ. ಚಿರತೆಯ ಜೊತೆ ತನ್ನ ಫೋಟೋ ತರದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಊರಿನ ವಾಕಿಂಗ್ ಗೆಳೆಯರ ಮುಂದೆ ಸಾರಿ ಬಂದಿದ್ದ. ಮಂಗಗಳು ಕಂಡವು, ಕಾಡೆಮ್ಮೆಗಳು ಕಂಡವು, ಚಿರತೆಯ ಬಾಲವೂ ಕಾಣಲಿಲ್ಲ.

"ಎಲ್ಲಾ ನಿನ್ನ ಕೈಬಳಿ ಸಪ್ಪಳದಿಂದ! ಹೆಜ್ಜಿಗೊಮ್ಮೆ ಝಣ್ ಝಣ್. ಚಿರತಿಗೇನ್ ಕಿವಿ ಇಲ್ಲೇನು?"

ಹೆಂಡತಿ ನೀಲವ್ವ ಬಳೆಗಳಿಗೆ ಕರವಸ್ತ್ರ ಸುತ್ತಿಕೊಂಡಳು.

ಮರುದಿನ ಬೆಳಗ್ಗೆ ಅವನು ಡೇರೆಯಿಂದ ನೀರಿನ ಬಾಟಲಿ ಹಿಡಿದು ಪೊದೆಯ ಮರೆಗೆ ಹೊರಟ.

"ಭಾಳ ದೂರ ಹೋಗಬ್ಯಾಡ್ರಿ. ನಾನೂ ಬರ್ಲೇನು?"

"ಅಲ್ಲಿಗೂ ಬಂದು ಝಣ್ ಅನಸ್ತೀಯೇನು? ಇಲ್ಲೇ ಕುಂಡ್ರು!"

ಬೆಟ್ಟ ಇಳಿದು ಬಂದಾಗ ಕಾಡಿನ ಕಾವಲುಗಾರ ಹಲ್ಲು ಕಿರಿಯುತ್ತ ಎದುರಾದ. ಪ್ರಾಣಿಗಳು ಸುಳಿದರೆ ತಾವಾಗಿಯೇ ಫೋಟೋ ತೆಗೆದು ಫೋನಿಗೆ ಕಳಿಸುವ ಕ್ಯಾಮೆರಾಗಳನ್ನು ಅವನು ಮರಗಳಿಗೆ ಕಟ್ಟಿದ್ದ. ಬಹಳ ದಿನಗಳ ಮೇಲೆ ಚಿರತೆ ಸಿಕ್ಕಿದೆ, ಅದೂ ನಿಮ್ಮ ಜೊತೆಗೇ ಎಂದು ಇಬ್ಬರನ್ನೂ ಕರೆದು ತೋರಿಸಿದ.

ಮೊದಲ ಫೋಟೋದಲ್ಲಿ ಚಿರತೆ ಪೊದೆಯತ್ತ ಮೆಲ್ಲಗೆ ಬರುತ್ತಿತ್ತು. ಎರಡನೆಯದರಲ್ಲಿ ಚನ್ನಬಸಪ್ಪ ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ, ಅವನ ಹಿಂದೆಯೇ ಚಿರತೆ ಮೂಗು ಚಾಚಿ ನಿಂತಿತ್ತು. ಮೂರನೆಯದರಲ್ಲಿ ಅವನು ಹಾಗೆಯೇ ಕೂತಿದ್ದ, ಚಿರತೆ ಬಾಲ ಎತ್ತಿಕೊಂಡು ಓಡುತ್ತಿತ್ತು.

ನೀಲವ್ವ ಕರವಸ್ತ್ರ ಬಿಚ್ಚಿ ಬಳೆಗಳನ್ನು ಝಣ್ ಎನ್ನಿಸಿದಳು.

"ರೀ, ಗೆಳ್ಯಾರಿಗೆ ಈ ಫೋಟೋ ತೋರಸ್ತೀರೋ, ಮೀಸಿ ಬೋಳಿಸ್ಕೋತೀರೋ?"

ಊರಿಗೆ ಮರಳಿದ ಚನ್ನಬಸಪ್ಪನ ಮೂಗಿನ ಕೆಳಗೆ ಬಟ್ಟಬಯಲು.