ಆರರಿಂದ ಒಂಬತ್ತು

ನಿಶಿತಾ ಟಿಶ್ಯೂ ಸುತ್ತಿದ ಎರಡು ಬೆರಳಿನಲ್ಲಿ ಬಾಣಲೆ ಎತ್ತಿ ಮೂಸಿದಳು. ಬರೀ ಸೋಪಿನ ವಾಸನೆ. ಅಂದರೆ ರೂಮ್‌ಮೇಟ್ ಜೆಸಿಂತಾ ತೊಳೆದಿದ್ದಾಳೆ. ತೊಳೆದಿದ್ದಾಳೆ ಎಂದರೆ ಏನನ್ನೋ ಮುಚ್ಚಿಡಬೇಕಾಗಿತ್ತು.

ಬಾಣಲೆಯನ್ನು ಸಿಂಕಿಗೆ ಬಿಸಾಡಿ ಎರಡು ಸಲ ಕೈ ತೊಳೆದಳು. ಮೈಸೂರಿನ ಅವಳ ಮನೆಯಲ್ಲಿ ಈರುಳ್ಳಿ ಹೆಚ್ಚುವ ಚಾಕುವನ್ನೂ ಬೇರೆ ಇಡುತ್ತಿದ್ದರು. ಇಲ್ಲಿ, ಲೂಯಿಸ್‌ವಿಲ್‌ನ ಈ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ದಿನಾ ಸಂಜೆಯಾದರೆ ಹುರಿದ ಮೀನಿನ ನಾತ. ಪರದೆಗೆ, ದಿಂಬಿಗೆ, ತಲೆಗೂದಲಿಗೆಲ್ಲ ಅದೇ ಅಂಟಿಕೊಂಡಂತಿತ್ತು. ಥೂ.

ಗಾಯದ ಮೇಲೆ ಬರೆ ಎಂಬಂತೆ ಈಗ ಕರೆಂಟ್ ಬಿಲ್ಲು. ಅಕ್ಟೋಬರಿನಲ್ಲಿ ಎಂಬತ್ತು ಡಾಲರ್ ಇದ್ದದ್ದು ಜನವರಿಗೆ ನಾನೂರ ಹನ್ನೆರಡು! ಮನೆಯಲ್ಲಿ ಗ್ಯಾಸ್ ಇಲ್ಲ. ಒಲೆ, ಬಿಸಿನೀರು, ಹೀಟರ್ ಎಲ್ಲಕ್ಕೂ ಕರೆಂಟೇ ಗತಿ. ಕಂಪನಿಯ ವೆಬ್‌ಸೈಟಿನಲ್ಲಿ ಹದಿನೈದು ನಿಮಿಷಕ್ಕೊಂದು ಗೆರೆ ಎಳೆದಿದ್ದರು. ದಿನವಿಡೀ ಕುಳ್ಳಗಿದ್ದ ಗೆರೆಗಳು ಸಂಜೆ ಆರಕ್ಕೆ ಎದ್ದು ನಿಂತು ಒಂಬತ್ತಕ್ಕೆ ಮಲಗುತ್ತಿದ್ದವು. ಜೆಸಿಂತಾ ಲ್ಯಾಬಿನಿಂದ ಬಂದು ಅಡಿಗೆಮನೆ ಹೊಗುವುದೂ ಆರಕ್ಕೇ.

"ಏನೇ ಹುರೀತೀಯ ಮೂರು ಗಂಟೆ?" ಎಂದು ನಿಶಿತಾ ಕೇಳಿಯೇಬಿಟ್ಟಳು.

ಜಾಕೆಟ್ ಹಾಕಿಕೊಂಡೇ ಊಟಕ್ಕೆ ಕುಳಿತಿದ್ದ ಜೆಸಿಂತಾ ತಲೆ ಎತ್ತಿದಳು. ಮಂಗಳೂರಿನ ಹುಡುಗಿ, ಎಂ.ಎಸ್.ನ ಕೊನೆಯ ಸೆಮಿಸ್ಟರ್. "ಮೀನು ಬೇಡ ಅಂತ ನೀನು ಹೇಳಿದ್ಮೇಲೆ ನಾನು ಮನೆಗೆ ತರ್ಲೇ ಇಲ್ಲ ಮಾರಾಯ್ತಿ. ತಿನ್ಬೇಕು ಅನ್ಸಿದ್ರೆ ಹೊರಗೇ ತಿಂತೇನೆ. ಇಲ್ಲಿ ಬರೀ ಗಂಜಿ, ಉಪ್ಪಿನಕಾಯಿ."

ಮಂಗಳೂರಿನವಳು, ಬರೀ ಗಂಜಿ! ನಿಶಿತಾಳಿಗೆ ವಾಸನೆಗಿಂತ ಈ ಸುಳ್ಳೇ ಹೆಚ್ಚು ಅಸಹ್ಯವಾಯಿತು. ವಾಸನೆಯ ಮಾತೆತ್ತಿದ ಮಾರನೆಯ ದಿನವೇ ಇವಳು ಸಿಂಕಿಗೆ ನಿಂಬೆಹಣ್ಣು ಉಜ್ಜಿರಲಿಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ನಿಶಿತಾಳಿಗೆ ಸಮಾಧಾನ ಸಿಗುತ್ತಿದ್ದುದು ಕೆಳಗಿನ ಮನೆಯ ವೆಂಕಟರಮಣ ಅಂಕಲ್ ಬಳಿ. ಹುಡುಗರಿಗೆಲ್ಲ ಸತ್ಯನಾರಾಯಣ ಪೂಜೆ ಮಾಡಿಸುವವರು. ಅವರ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಗರಬತ್ತಿ ಉರಿಯುತ್ತಿತ್ತು. ನವೆಂಬರಿನಲ್ಲಿ ಆಂಟಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಅಂಕಲ್ ತಾವೇ ಪುಳಿಯೋಗರೆ ಮಾಡಿ ಮೇಲಕ್ಕೆ ಕಳಿಸುತ್ತಿದ್ದರು. ಅವಳ ಬಿಲ್ಲಿನ ಚಿಂತೆಯೂ ಅವರಿಗಿತ್ತು. ಸಂಜೆ ತಮ್ಮ ಅಡಿಗೆಮನೆಯ ಕಿಟಕಿಯಿಂದಲೇ ಕೂಗುತ್ತಿದ್ದರು: "ನಿಶಿತಾ, ಕಿಟಕಿ ಹಾಕ್ಕೊಳ್ಳಮ್ಮ! ಚಳಿ!"

ಹಾಕಿಕೊಳ್ಳುವುದು ಹೇಗೆ? ಆರಕ್ಕೆ ಸರಿಯಾಗಿ ಹಾಲ್‌ನ ಕಿಟಕಿ ಪೂರ್ತಿ ತೆರೆದು ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ನಿಶಿತಾ ಒಂಬತ್ತರವರೆಗೆ ಈಚೆ ಬರುತ್ತಿರಲಿಲ್ಲ. ಒಮ್ಮೆ ಜೆಸಿಂತಾ ಕಿಟಕಿ ಮುಚ್ಚಿದ್ದಕ್ಕೆ ದೊಡ್ಡ ರಂಪವೇ ಆಗಿತ್ತು.

ಶುಕ್ರವಾರ ನಿಶಿತಾ ಬಿಲ್ಲು ಹಿಡಿದು ಅಂಕಲ್ ಮುಂದೆ ಕುಳಿತಳು. "ನೀವೇ ನ್ಯಾಯ ಹೇಳಿ ಅಂಕಲ್. ಲೀಸ್ ನನ್ನ ಹೆಸರಲ್ಲಿದೆ. ಅವಳನ್ನ ಕಳಿಸಿಬಿಡ್ಲಾ?"

ಅಂಕಲ್ ಏಲಕ್ಕಿ ಅಗಿಯುತ್ತ ನೆಲ ನೋಡಿದರು. "ಪಾಪ, ನಾಲಗೆ ಚಪಲ ಯಾರನ್ನ ಬಿಟ್ಟಿದೆ ಹೇಳು. ಆದ್ರೂ ನಿನಗೆ ಅಷ್ಟು ಹಿಂಸೆ ಆದ್ರೆ... ಬೇರೆ ಇರೋದೇ ವಾಸಿ."

ಶನಿವಾರ ಜೆಸಿಂತಾ ಎರಡು ಸೂಟ್‌ಕೇಸು, ಒಂದು ಕುಕ್ಕರು ಹೊತ್ತು ಹೊರಟಳು. ಸೆಮಿಸ್ಟರ್ ನಡುವೆ ಮನೆ ಸಿಗದೆ ಪಕ್ಕದ ಊರು ಡೆಂಟನ್‌ನಲ್ಲಿ ಗೆಳತಿಯೊಬ್ಬಳ ಸೋಫಾವೇ ಗತಿಯಾಗಿತ್ತು. ಕಣ್ಣು ಕೆಂಪಗಿದ್ದರೂ ಅವಳು ಅಳಲಿಲ್ಲ.

"ಒಂದು ದಿನ ಅಡಿಗೆಮನೆಗೆ ಬಂದು ನೋಡ್ಬಹುದಿತ್ತಲ್ಲ ನಿಶಿತಾ," ಎಂದಳು. "ಒಂದೇ ದಿನ."

"ನೋಡಿದ್ರೆ ವಾಂತಿ ಬರುತ್ತೆ ನನಗೆ."

ಮಧ್ಯಾಹ್ನ ಅಪಾರ್ಟ್‌ಮೆಂಟಿನ ರಿಪೇರಿಯವನು ಹೀಟರ್ ನೋಡಲು ಬಂದ. ಯಂತ್ರ ಚೆನ್ನಾಗಿದೆ ಎಂದ. ಕರೆಂಟಿನ ಗೆರೆಗಳನ್ನು ನೋಡಿ, ಸಂಜೆ ಕಿಟಕಿ ತೆರೆದಿಡುತ್ತೀರಾ ಎಂದು ಕೇಳಿದ. ಹೌದೆಂದಾಗ ನಕ್ಕುಬಿಟ್ಟ. ಥರ್ಮೋಸ್ಟ್ಯಾಟ್ ಕಿಟಕಿಯ ಪಕ್ಕದಲ್ಲೇ ಇತ್ತು. ತಣ್ಣನೆ ಗಾಳಿ ತಾಗಿದೊಡನೆ ಮನೆಯೆಲ್ಲ ಹೆಪ್ಪುಗಟ್ಟಿತೆಂದು ಅದು ಯಂತ್ರದೊಳಗಿನ, ಕರೆಂಟ್ ನುಂಗುವ ದೊಡ್ಡ ತಂತಿಸುರುಳಿಗಳನ್ನೂ ಉರಿಸುತ್ತಿತ್ತು. ಒಲೆಗೂ ಈ ಬಿಲ್ಲಿಗೂ ಸಂಬಂಧವಿಲ್ಲ, ನೀವು ಊರಿಗೆಲ್ಲ ಹೀಟರ್ ಹಾಕಿದ್ದೀರಿ ಎಂದು ಹೇಳಿ ಹೋದ.

ನಿಶಿತಾಳ ಮುಖ ಬಿಸಿಯಾಯಿತು. ಒಂದು ಕ್ಷಣ ಅಷ್ಟೇ. ಕಿಟಕಿ ತೆರೆಸಿದ್ದು ಯಾವುದು, ಆ ಮೀನೇ ಅಲ್ಲವೇ? ಲೆಕ್ಕ ಮತ್ತೆ ಜೆಸಿಂತಾಳ ತಲೆಗೇ ಹೋಗಿ ಕೂತಿತು. ಅವಳು ನೆಮ್ಮದಿಯಿಂದ ಅಡಿಗೆಮನೆಯನ್ನು ವಿನೆಗರ್ ಹಾಕಿ ಮೂರು ಸಲ ಒರೆಸಿದಳು. ಸಂಜೆ ಆರಕ್ಕೆ, ಇದೊಂದು ದಿನ ಹಳೆಯ ನಾತವೆಲ್ಲ ಹೊರಟುಹೋಗಲಿ ಎಂದು, ಕಿಟಕಿ ಸರಿಸಿದಳು.

ಐದು ನಿಮಿಷವೂ ಆಗಿರಲಿಲ್ಲ. ಗಪ್ಪನೆ ಮೂಗಿಗೆ ಬಡಿಯಿತು, ಹಸಿಹಸಿ ಮೀನು, ಕಾದ ಎಣ್ಣೆ.

ಒಲೆ ತಣ್ಣಗಿತ್ತು. ಅವಳು ಕಪಾಟುಗಳನ್ನೆಲ್ಲ ತೆರೆದಳು, ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದಳು. ಏನೂ ಇಲ್ಲ. ಹೋಗುವಾಗ ಎಲ್ಲೋ ಮೀನು ಸಿಕ್ಕಿಸಿಟ್ಟು ಸೇಡು ತೀರಿಸಿಕೊಂಡಿದ್ದಾಳೆ, ನೀಚಳು! ಇದನ್ನು ಯಾರಾದರೂ ಕಣ್ಣಾರೆ ನೋಡಬೇಕು. ಮೂಗಿಗೆ ದುಪಟ್ಟಾ ಒತ್ತಿಕೊಂಡು, ಸಾಕ್ಷಿಗೆ ಅಂಕಲ್‌ರನ್ನೇ ಕರೆತರಲು ಅವಳು ದಡದಡನೆ ಮೆಟ್ಟಿಲಿಳಿದು ಅವರ ಬಾಗಿಲು ಬಡಿದಳು.

ಬಾಗಿಲು ತೆರೆದ ವೆಂಕಟರಮಣ ಅಂಕಲ್ ಅವಳನ್ನು ಕಂಡು ಪೆಚ್ಚಾಗಿ, ಬಾಯಿಂದ ಮೀನಿನ ಮುಳ್ಳೊಂದನ್ನು ಎಳೆದು ತೆಗೆದು, "ಆಂಟಿಗೆ ಮಾತ್ರ ಹೇಳ್ಬೇಡಮ್ಮ" ಎಂದರು.